ಮುರುಗಲೋ, ಉಪ್ಪಾಗೆಯೋ? ನೆಡುವ ಮುನ್ನ ಗುರುತಿಸಿ

ಸಿದ್ದಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ತಮ್ಮ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಮುರುಗಲು ಬೆಳೆಸಬೇಕೆಂದು ನಲವತ್ತು ಸಸಿಗಳನ್ನು ತಂದು ನೆಟ್ಟರು. ದನಕರು ಮೇಯದಂತೆ ಬೇಲಿ ಕಟ್ಟಿದರು. ಮೊದಲ ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದರು. ಒಂಬತ್ತನೆಯ ವರ್ಷ ಗಿಡಗಳು ಹೂ ಬಿಡತೊಡಗಿದವು. ಆದರೆ ಅರ್ಧದಷ್ಟು ಗಿಡಗಳಲ್ಲಿ ಹೂವೆಲ್ಲ ಉದುರಿತೇ ಹೊರತು ಒಂದು ಕಾಯಿಯೂ ಕಚ್ಚಲಿಲ್ಲ. ಮರುವರ್ಷಗಳಲ್ಲಿ ಕಾಯಿ ಹಿಡಿದ ಗಿಡಗಳ ಪೈಕಿ ಕೆಲವದರ ಕಾಯಿ ಮುರುಗಲಿನ ಹಾಗೆ ನುಣುಪಾಗಿರಲಿಲ್ಲ. ಮೈಮೇಲೆ ಪುಟ್ಟ ಕುಂಬಳಕಾಯಿಗೆ ಇರುವಂತೆ ಉದ್ದನೆಯ ಏಣುಗಳಿದ್ದವು. ಅವು ಉಪ್ಪಾಗೆ ಗಿಡಗಳು. ಕೊನೆಗೆ ಮುರುಗಲಿನ ಹಣ್ಣು ಕೊಡುವ ಮರಗಳೆಂದು ಉಳಿದವು ಹತ್ತಕ್ಕಿಂತ ಕಡಮೆ.

"ಸಸಿ ಕೊಟ್ಟವರು ಮೋಸ ಮಾಡಿದರೇ?" ಎಂದು ಅವರು ನಮ್ಮನ್ನು ಕೇಳಿದರು. ಬಹುಶಃ ಅಲ್ಲ. ಸಸಿ ಬೆಳೆಸಿದವರು ಬೀಜ ತಂದವರ ಮಾತನ್ನು ನಂಬಿದ್ದರು. ಬೀಜ ತಂದವರು ಕಾಡಿನಲ್ಲಿ ಬಿದ್ದ ಹಣ್ಣನ್ನು ಆರಿಸಿ ಒಂದೇ ಚೀಲಕ್ಕೆ ತುಂಬಿದ್ದರು. ತಾಯಿ ಮರವನ್ನು ಯಾರೂ ನಿಂತು ನೋಡಿರಲಿಲ್ಲ. ಆದರೆ ನಷ್ಟ ಬಂದದ್ದು ನೆಟ್ಟು ಕಾದವರಿಗೆ. ವರ್ಷದ ಬೆಳೆಯಲ್ಲಿ ಬೀಜ ತಪ್ಪಿದರೆ ಮುಂದಿನ ಮಳೆಗಾಲಕ್ಕೆ ಸರಿಪಡಿಸಬಹುದು. ಹಣ್ಣಿನ ಮರದಲ್ಲಿ ತಪ್ಪಿದರೆ ಹತ್ತು ವರ್ಷಗಳು ಹೋದಂತೆ. ಆದುದರಿಂದ ಈ ಮರಗಳ ಪ್ರಭೇದಗಳನ್ನು ಗುರುತಿಸುವ ವಿದ್ಯೆ ಪಂಡಿತರಿಗಷ್ಟೇ ಸೇರಿದ್ದಲ್ಲ. ಗಿಡ ನೆಡುವ ಪ್ರತಿಯೊಬ್ಬ ರೈತನಿಗೂ ಬೇಕಾದದ್ದು.

ಜಾತಿ, ಪ್ರಭೇದ, ತಳಿ

ಮೊದಲು ಮೂರು ಶಬ್ದಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಹೂವು, ಕಾಯಿಗಳ ರಚನೆಯಲ್ಲಿ ಹತ್ತಿರದ ಹೋಲಿಕೆಯಿರುವ ಸಸ್ಯಗಳ ಗುಂಪಿಗೆ 'ಜಾತಿ' ಎನ್ನುತ್ತೇವೆ. ಜಾತಿಯೊಳಗೆ, ತಲೆಮಾರಿನಿಂದ ತಲೆಮಾರಿಗೆ ತನ್ನದೇ ಗುಣಗಳನ್ನು ಉಳಿಸಿಕೊಂಡು ಬರುವ ಒಂದೊಂದು ಬಗೆಗೆ 'ಪ್ರಭೇದ' ಎನ್ನುತ್ತೇವೆ. ಒಂದೇ ಪ್ರಭೇದದೊಳಗೆ ಹಣ್ಣಿನ ಗಾತ್ರ, ಬಣ್ಣ, ಇಳುವರಿಗಳಲ್ಲಿ ಕಾಣುವ ವ್ಯತ್ಯಾಸವನ್ನು ಮನುಷ್ಯ ಆರಿಸಿ ಉಳಿಸಿಕೊಂಡರೆ ಅದು 'ತಳಿ'. ಮಾವಿನಲ್ಲಿ ಆಪೂಸು, ಮಲ್ಲಿಕಾ ಎಂಬುವು ತಳಿಗಳು, ಪ್ರಭೇದ ಒಂದೇ. ಆದರೆ ಮುರುಗಲು ಮತ್ತು ಉಪ್ಪಾಗೆ ಒಂದೇ ಗಿಡದ ಎರಡು ತಳಿಗಳಲ್ಲ. ಅವು ಒಂದೇ ಜಾತಿಯ ಎರಡು ಬೇರೆ ಪ್ರಭೇದಗಳು. ಎಷ್ಟೇ ಗೊಬ್ಬರ ಹಾಕಿ ಉಪಚರಿಸಿದರೂ ಉಪ್ಪಾಗೆ ಮುರುಗಲಾಗದು.

ಈ ಜಾತಿಯ ಹೆಸರು ಗಾರ್ಸಿನಿಯಾ. ಪೂರ್ವದೇಶಗಳಲ್ಲಿ ಸಂಚರಿಸಿ ಸಸ್ಯಗಳನ್ನು ಅಭ್ಯಾಸ ಮಾಡಿದ ಲಾರೆಂಟ್ ಗಾರ್ಸಿನ್ ಎಂಬ ವೈದ್ಯನ ನೆನಪಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರನ್ನಿಟ್ಟನು. ಉಷ್ಣವಲಯದ ದೇಶಗಳಲ್ಲಿ ಈ ಜಾತಿಯ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹಣ್ಣಿನಂಗಡಿಗಳಲ್ಲಿ ಕಾಣುವ ಮ್ಯಾಂಗೋಸ್ಟೀನ್ ಕೂಡ ಇದೇ ಜಾತಿಯದು. ನಮ್ಮ ಮಲೆನಾಡು ಮತ್ತು ಕರಾವಳಿಯ ರೈತರಿಗೆ ಮುಖ್ಯವಾದವು ನಾಲ್ಕು: ಮುರುಗಲು, ಉಪ್ಪಾಗೆ, ಜಾರಿಗೆ ಮತ್ತು ಅರಸಿನಗುರಗಿ.

ಹೆಸರು ನಂಬಿ ಕೆಡಬೇಡಿ

ನಾಲ್ಕು ಮರಗಳಿಗೆ ನಾಲ್ಕು ಹೆಸರುಗಳಿದ್ದರೆ ತೊಂದರೆಯಿರಲಿಲ್ಲ. ಉತ್ತರ ಕನ್ನಡದ ಮುರುಗಲು ದಕ್ಷಿಣ ಕನ್ನಡಕ್ಕೆ ಬಂದರೆ ಪುನರ್ಪುಳಿ, ಕೊಂಕಣಿಯವರಲ್ಲಿ ಭಿರಿಂಡ, ಮಹಾರಾಷ್ಟ್ರದಲ್ಲಿ ಕೋಕಂ. ಉಪ್ಪಾಗೆಯನ್ನು ಕೆಲವು ಕಡೆ ಮಂತುಹುಳಿ ಎನ್ನುತ್ತಾರೆ. ಕೇರಳದಲ್ಲಿ ಅದು ಕುಡಂಪುಳಿ. ಕೊಡಗಿನಲ್ಲಿ ಅದೇ ಹಣ್ಣಿನ ರಸವನ್ನು ಕುದಿಸಿ ಇಳಿಸಿದ ಕಪ್ಪು ದ್ರವವೇ ಕಾಚಂಪುಳಿ. ಜಾರಿಗೆ ಎಂಬ ಹೆಸರನ್ನಂತೂ ಊರಿನಿಂದ ಊರಿಗೆ ಬೇರೆ ಬೇರೆ ಮರಕ್ಕೆ ಹೇಳುವುದುಂಟು. ಹುಳಿಯಾಗಿರುವ ಯಾವ ಹಣ್ಣಿಗಾದರೂ 'ಹುಳಿ' ಅಥವಾ 'ಪುಳಿ' ಎಂಬ ಬಾಲ ಸೇರಿಸುವುದು ನಮ್ಮ ರೂಢಿ. ಆದುದರಿಂದ ಹೆಸರೊಂದನ್ನೇ ಹೇಳಿ ದೂರದ ಊರಿನಿಂದ ಸಸಿ ತರಿಸುವುದು ಅಪಾಯ.

ಇಂತಹ ತಪ್ಪು ನಮ್ಮ ರೈತರಿಂದ ಮಾತ್ರ ಆಗುವುದೆಂದು ತಿಳಿಯಬೇಕಾಗಿಲ್ಲ. ಮಹಾ ಪಂಡಿತನಾದ ಲಿನೇಯಸ್‌ನೇ ಈ ಗುಂಪಿನಲ್ಲಿ ಎಡವಿದ್ದಾನೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥದಲ್ಲಿ ಕುಡಂಪುಳಿಯ, ಅಂದರೆ ನಮ್ಮ ಉಪ್ಪಾಗೆಯ, ಚಿತ್ರ ಮತ್ತು ವಿವರಣೆಯಿದ್ದವು. ಆ ಕಾಲದಲ್ಲಿ ಯೂರೋಪಿನ ಚಿತ್ರಕಾರರು ಮತ್ತು ವೈದ್ಯರು ಬಳಸುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ಅಂಟು ಪೂರ್ವದೇಶಗಳಿಂದ ಹೋಗುತ್ತಿತ್ತು. ಆ ಅಂಟು ಈ ಮರದ್ದೇ ಎಂದು ತಿಳಿದು ಲಿನೇಯಸ್ ಉಪ್ಪಾಗೆಗೆ 'ಕಂಬೋಜಿಯಾ ಗಮ್ಮಿ-ಗಟ್ಟಾ' ಎಂದು ಹೆಸರಿಟ್ಟನು. ವಾಸ್ತವದಲ್ಲಿ ಆ ಅಂಟು ಬರುತ್ತಿದ್ದುದು ಕಾಂಬೋಡಿಯಾ, ಥೈಲ್ಯಾಂಡ್ ಕಡೆಯ ಬೇರೊಂದು ಪ್ರಭೇದದಿಂದ. ನಮ್ಮಲ್ಲಿ ಅಂತಹ ಅಂಟು ಕೊಡುವುದು ಅರಸಿನಗುರಗಿ, ಉಪ್ಪಾಗೆಯಲ್ಲ.

ಮುಂದೆ ಪಂಡಿತರು ಈ ಮರವನ್ನು ಗಾರ್ಸಿನಿಯಾ ಜಾತಿಗೆ ಸೇರಿಸಿ 'ಗಾರ್ಸಿನಿಯಾ ಕಂಬೋಜಿಯಾ' ಎಂದು ಕರೆದರು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ 1968ರಲ್ಲಿ ರಾಬ್ಸನ್ ಎಂಬ ವಿಜ್ಞಾನಿ ಅದನ್ನು 'ಗಾರ್ಸಿನಿಯಾ ಗಮ್ಮಿ-ಗಟ್ಟಾ' ಎಂದು ತಿದ್ದಿದರು. ಈಗ ಸಸ್ಯಶಾಸ್ತ್ರದಲ್ಲಿ ಇದೇ ಸರಿಯಾದ ಹೆಸರು. ಆದರೆ ವ್ಯಾಪಾರದಲ್ಲಿ, ಔಷಧಿ ಡಬ್ಬಿಗಳ ಮೇಲೆ ಇಂದಿಗೂ ಕಂಬೋಜಿಯಾ ಎಂಬ ಹಳೆಯ ಹೆಸರೇ ಓಡಾಡುತ್ತಿದೆ. ವ್ಯಾಪಾರಿ ಕಂಬೋಜಿಯಾ ಎಂದರೂ ಪುಸ್ತಕ ಗಮ್ಮಿ-ಗಟ್ಟಾ ಎಂದರೂ ಅದು ನಿಮ್ಮ ಬೆಟ್ಟದ ಉಪ್ಪಾಗೆಯೇ ಎಂಬುದು ನೆನಪಿರಲಿ.

ಮೊದಲ ಹೆಜ್ಜೆ: ಇದು ಗಾರ್ಸಿನಿಯಾವೇ?

ಪ್ರಭೇದವನ್ನು ಹುಡುಕುವ ಮುನ್ನ ಜಾತಿಯನ್ನು ಖಚಿತ ಮಾಡಿಕೊಳ್ಳಬೇಕು. ಗಾರ್ಸಿನಿಯಾ ಮರಗಳು ವರ್ಷವಿಡೀ ಹಸಿರಾಗಿರುತ್ತವೆ. ಎಲೆಗಳು ಜೋಡಿಯಾಗಿ, ಎದುರುಬದುರಾಗಿ ಇರುತ್ತವೆ. ಎಲೆಯ ಅಂಚು ನೇರ, ಗರಗಸದ ಹಲ್ಲುಗಳಿರುವುದಿಲ್ಲ. ಎಳೆಯ ತೊಗಟೆಯನ್ನು ಗೀರಿದರೆ ಅಥವಾ ಎಳೆಗಾಯಿಯನ್ನು ಕೊಯ್ದರೆ ಹಳದಿ ಇಲ್ಲವೆ ಹಳದಿ ಮಿಶ್ರಿತ ಬಿಳಿಯ ಅಂಟು ಒಸರುತ್ತದೆ.

ಇದರ ಹತ್ತಿರದ ಸಂಬಂಧಿಯಾದ ಸುರಹೊನ್ನೆಯಲ್ಲಿಯೂ ಎಲೆಗಳು ಎದುರುಬದುರಾಗಿರುತ್ತವೆ, ಹಾಲೂ ಬರುತ್ತದೆ. ಆದರೆ ಸುರಹೊನ್ನೆಯ ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರದಿಂದ ಅಂಚಿನವರೆಗೆ ಕೂದಲೆಳೆಯಂತಹ ನರಗಳು ಒತ್ತೊತ್ತಾಗಿ, ಒಂದಕ್ಕೊಂದು ಸಮನಾಗಿ ಸಾಗಿರುವುದು ಕಾಣುತ್ತದೆ. ಗಾರ್ಸಿನಿಯಾದಲ್ಲಿ ನರಗಳು ಇಷ್ಟು ಒತ್ತಾಗಿರುವುದಿಲ್ಲ.

ನಾಲ್ಕು ಪ್ರಭೇದಗಳ ಲಕ್ಷಣಗಳು

ಮುರುಗಲು: ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಇಂಡಿಕಾ. ಪಶ್ಚಿಮ ಘಟ್ಟ ಮತ್ತು ಕೊಂಕಣದ ಸ್ವಂತ ಮರ. ಮರ ಗೋಪುರದಂತೆ ಬೆಳೆದು ಕೊಂಬೆಗಳು ಜೋಲುತ್ತವೆ. ಎಲೆ ತೆಳು, ಬಹುಮಟ್ಟಿಗೆ ಭರ್ಚಿಯ ಆಕಾರ. ಹೊಸ ಚಿಗುರು ಕೆಂಪು. ಹೂವಿಗೆ ನಾಲ್ಕು ದಳಗಳು. ಹಣ್ಣು ದುಂಡಗೆ, ನಿಂಬೆಹಣ್ಣಿನ ಗಾತ್ರದಲ್ಲಿ, ಏಣಿಲ್ಲದೆ ನುಣುಪಾಗಿರುತ್ತದೆ. ಮಾಗಿದಾಗ ಕಡುಗೆಂಪು ಅಥವಾ ನೇರಳೆ. ಒಳಗೆ ಸಾಮಾನ್ಯವಾಗಿ ಐದರಿಂದ ಎಂಟು ಬೀಜಗಳು. ಏಪ್ರಿಲ್-ಮೇ ತಿಂಗಳಲ್ಲಿ, ಮಳೆಗಾಲ ಕಾಲಿಡುವ ಮೊದಲು, ಹೆಚ್ಚಿನ ಹಣ್ಣು ಮಾಗುತ್ತದೆ.

ಉಪ್ಪಾಗೆ: ಗಾರ್ಸಿನಿಯಾ ಗಮ್ಮಿ-ಗಟ್ಟಾ. ಎಲೆ ಕಡುಹಸಿರು, ಹೊಳಪು ಹೆಚ್ಚು. ಹೂವಿಗೆ ನಾಲ್ಕು ದಳಗಳು. ಹಣ್ಣಿನ ಮೈಮೇಲೆ ಆರರಿಂದ ಎಂಟು ಆಳವಾದ ಗೀರುಗಳು. ಗೀರುಗಳ ನಡುವೆ ಉಬ್ಬಿದ ಏಣುಗಳು. ಮಾಗಿದಾಗ ಹಳದಿ. ಮಳೆಗಾಲದ ನಡುವೆ, ಜೂನ್‌ನಿಂದ ಆಗಸ್ಟ್-ಸೆಪ್ಟೆಂಬರ್‌ವರೆಗೆ ಹಣ್ಣು ಬೀಳುತ್ತದೆ.

ಜಾರಿಗೆ: ಗಾರ್ಸಿನಿಯಾ ಕ್ಸಾಂಥೋಕೈಮಸ್. ಕೆಲವರು ದೇವಗರಿಗೆ ಎನ್ನುತ್ತಾರೆ. ನಾಲ್ಕರಲ್ಲಿ ಎಲೆ ನೋಡಿಯೇ ಹೇಳಬಹುದಾದದ್ದು ಇದೊಂದೇ. ಎಲೆ ದಪ್ಪ, ಚರ್ಮದಂತೆ ಬಿರುಸು; ಒಂದು ಅಡಿಯವರೆಗೂ ಉದ್ದವಾಗುತ್ತದೆ. ಎಳೆಯ ರೆಂಬೆ ದುಂಡಗಿರದೆ ಏಣೇಣಾಗಿರುತ್ತದೆ. ಹೂವಿಗೆ ಐದು ದಳಗಳು. ಕೇಸರಗಳು ಐದು ಕಟ್ಟುಗಳಾಗಿ ನಿಂತಿರುತ್ತವೆ. ಹಣ್ಣು ಹಳದಿ, ನುಣುಪು. ತುದಿಯಲ್ಲಿ ಓರೆಯಾದ ಚೂಪು ಮೂಗು.

ಅರಸಿನಗುರಗಿ: ಗಾರ್ಸಿನಿಯಾ ಮೊರೆಲ್ಲಾ. ದಟ್ಟ ಕಾಡಿನ ಮರ. ತೊಗಟೆಯನ್ನು ಗೀರಿದರೆ ಗಾಢ ಹಳದಿಯ ಅಂಟು ಬರುತ್ತದೆ. ಹೂವಿಗೆ ನಾಲ್ಕು ದಳಗಳು. ಹಣ್ಣು ಚಿಕ್ಕದು, ದುಂಡಗೆ, ನುಣುಪು. ಒಳಗೆ ಸಾಮಾನ್ಯವಾಗಿ ನಾಲ್ಕು ಬೀಜಗಳು. ಇದರ ಅಂಟು ತೀವ್ರ ಭೇದಿಯನ್ನುಂಟುಮಾಡುತ್ತದೆ. ಆದುದರಿಂದ ಗುರುತು ಸಿಗದ ಮರದ ಅಂಟನ್ನು ನಾಲಗೆಗೆ ಹಚ್ಚಿ ನೋಡುವ ಸಾಹಸ ಮಾಡಬಾರದು.

ಬಣ್ಣವೊಂದೇ ಸಾಲದು

'ಕೆಂಪಾದರೆ ಮುರುಗಲು, ಹಳದಿಯಾದರೆ ಉಪ್ಪಾಗೆ' ಎಂಬ ಸುಲಭ ಸೂತ್ರವನ್ನು ಅನೇಕರು ಹೇಳುತ್ತಾರೆ. ಇದು ಬಹುಮಟ್ಟಿಗೆ ಸರಿಯಾದರೂ ಪೂರ್ತಿ ಸರಿಯಲ್ಲ. ಮುರುಗಲಿನಲ್ಲಿಯೇ ಮಾಗಿದಾಗಲೂ ಹಳದಿಯಾಗಿ ಉಳಿಯುವ ಮರಗಳಿವೆ. ಇದನ್ನು ನಮ್ಮ ಜನ ಬಿಳಿ ಮುರುಗಲು ಎನ್ನುತ್ತಾರೆ. ಅದರ ಹಣ್ಣು ಹಳದಿಯಾದರೂ ಮೈ ನುಣುಪು, ಗೀರುಗಳಿಲ್ಲ. ಎಲೆ, ಹೂವು, ಮಾಗುವ ಕಾಲ ಎಲ್ಲವೂ ಮುರುಗಲಿನದೇ. ಅದು ಬೇರೆ ಪ್ರಭೇದವಲ್ಲ. ಮುರುಗಲಿನೊಳಗಿನ ಒಂದು ಬಗೆ.

ಇದರಿಂದ ವರ್ಗೀಕರಣದ ಮುಖ್ಯ ಪಾಠವೊಂದನ್ನು ಕಲಿಯಬಹುದು. ಬಣ್ಣ, ಗಾತ್ರ, ರುಚಿಗಳು ಮರದಿಂದ ಮರಕ್ಕೆ, ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತವೆ. ದಳಗಳ ಸಂಖ್ಯೆ, ಕೇಸರಗಳ ಜೋಡಣೆ, ಕಾಯಿಯ ಕಟ್ಟು ಇವು ಅಷ್ಟು ಸುಲಭವಾಗಿ ಬದಲಾಗವು. ಆದುದರಿಂದಲೇ ಸಸ್ಯವಿಜ್ಞಾನಿಗಳು ಮೊದಲು ಹೂವನ್ನು ಬಿಡಿಸಿ ನೋಡುತ್ತಾರೆ. ಒಂದು ಲಕ್ಷಣದಿಂದ ತೀರ್ಪು ಕೊಡದೆ, ಕಡಮೆಯೆಂದರೆ ಮೂರು ಲಕ್ಷಣಗಳು ಕೂಡಿಬಂದ ಮೇಲೆ ಹೆಸರು ಹೇಳುವುದು ಕ್ಷೇಮ.

ತೋಟದಲ್ಲಿ ಬಳಸಬಹುದಾದ ಕ್ರಮ

ಮರದ ಮುಂದೆ ನಿಂತು ಕೆಳಗಿನ ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳಿಕೊಳ್ಳಿ.

1. ಹೂವಿಗೆ ದಳ ಎಷ್ಟು? ಐದಾಗಿದ್ದು, ಎಲೆ ದಪ್ಪ ಮತ್ತು ಬಹಳ ಉದ್ದವಾಗಿದ್ದರೆ ಜಾರಿಗೆ. ನಾಲ್ಕಾದರೆ ಮುಂದಿನ ಪ್ರಶ್ನೆಗೆ ಹೋಗಿ.

2. ಕಾಯಿಯ ಮೈಮೇಲೆ ಉದ್ದನೆಯ ಗೀರುಗಳಿವೆಯೇ? ಇದ್ದು, ಮಳೆಗಾಲದಲ್ಲಿ ಮಾಗಿ ಹಳದಿಯಾಗುವುದಾದರೆ ಉಪ್ಪಾಗೆ. ಮೈ ನುಣುಪಾಗಿದ್ದರೆ ಮುಂದೆ ಹೋಗಿ.

3. ಹಣ್ಣನ್ನು ಅಡ್ಡವಾಗಿ ಕೊಯ್ದಾಗ ಬೀಜ ಎಷ್ಟು? ನಾಲ್ಕರ ಒಳಗಿದ್ದು, ಹಣ್ಣು ಚಿಕ್ಕದಾಗಿದ್ದು, ತೊಗಟೆಯಲ್ಲಿ ಗಾಢ ಹಳದಿ ಅಂಟಿದ್ದರೆ ಅರಸಿನಗುರಗಿ ಇರಬಹುದು. ಐದರಿಂದ ಎಂಟು ಬೀಜಗಳಿದ್ದು, ಚಿಗುರು ಕೆಂಪಾಗಿದ್ದು, ಬೇಸಿಗೆಯ ಕೊನೆಗೆ ಮಾಗುವುದಾದರೆ ಮುರುಗಲು.

ಈ ಕ್ರಮ ಮೇಲೆ ಹೇಳಿದ ನಾಲ್ಕು ಪ್ರಭೇದಗಳಿಗೆ ಮಾತ್ರ. ಘಟ್ಟದ ಕಾಡುಗಳಲ್ಲಿ ಈ ಜಾತಿಯ ಇನ್ನೂ ಕೆಲವು ಪ್ರಭೇದಗಳಿವೆ. ಲಕ್ಷಣಗಳು ಹೊಂದದಿದ್ದರೆ ಒತ್ತಾಯದಿಂದ ಹೆಸರಿಡದೆ ತಜ್ಞರಿಗೆ ತೋರಿಸಬೇಕು.

ಗಂಡು ಮರ, ಹೆಣ್ಣು ಮರ

ಪ್ರಭೇದ ಸರಿಯಾಗಿ ಗೊತ್ತಾದರೂ ಅರ್ಧ ಕೆಲಸ ಮಾತ್ರ ಮುಗಿದಂತೆ. ಮುರುಗಲು, ಉಪ್ಪಾಗೆಗಳಲ್ಲಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆ. ಎರಡೂ ಬಗೆಯ ಅಥವಾ ಕೂಡು ಹೂವುಗಳುಳ್ಳ ಮರಗಳೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಬೀಜದಿಂದ ಬೆಳೆಸಿದ ಮುರುಗಲು ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ. ಮೇಲೆ ಹೇಳಿದ ಬೆಳೆಗಾರರ ತೋಟದಲ್ಲಿ ಹೂ ಬಿಟ್ಟೂ ಕಾಯಿ ಕಚ್ಚದ ಗಿಡಗಳು ಇವೇ. ಗೊಬ್ಬರದ ಕೊರತೆಯೂ ಅಲ್ಲ, ರೋಗವೂ ಅಲ್ಲ.

ಹೂವಿನ ಕಾಲದಲ್ಲಿ ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಗಂಡು ಹೂವುಗಳು ಸಾಮಾನ್ಯವಾಗಿ ಗೊಂಚಲಾಗಿ ಬರುತ್ತವೆ. ಹೂವಿನ ನಡುವೆ ಕೇಸರಗಳ ಗುಂಪು ಎದ್ದು ಕಾಣುತ್ತದೆ. ಹೆಣ್ಣು ಹೂವುಗಳು ಒಂಟಿಯಾಗಿ ಇಲ್ಲವೆ ಎರಡು ಮೂರು ಕೂಡಿ ಬರುತ್ತವೆ; ಹೂವಿನ ನಡುವೆ ಬಟಾಣಿಯಂತಹ ಪುಟ್ಟ ಕಾಯಿ, ಅಂದರೆ ಅಂಡಾಶಯ, ಕುಳಿತಿರುತ್ತದೆ. ಆದರೆ ಹೂ ಬಿಡುವ ಮುನ್ನ ಗಂಡು, ಹೆಣ್ಣು ಗಿಡಗಳನ್ನು ಕಣ್ಣಿನಿಂದ ಗುರುತಿಸಲು ಬಾರದು.

ಮ್ಯಾಂಗೋಸ್ಟೀನ್‌ನ ಕಥೆ ಬೇರೆ. ಅದರಲ್ಲಿ ಗಂಡು ಮರಗಳು ಬಹುತೇಕ ಕಾಣಸಿಗುವುದೇ ಇಲ್ಲ. ಪರಾಗವಿಲ್ಲದೆಯೇ ಕಾಯಿ ಕಚ್ಚುತ್ತದೆ. ಬೀಜದ ಸಸಿ ತಾಯಿಯಂತೆಯೇ ಬರುತ್ತದೆ. ಮ್ಯಾಂಗೋಸ್ಟೀನ್ ಬೆಳೆದ ಅನುಭವದಿಂದ ಮುರುಗಲನ್ನೂ ಬೀಜದಿಂದ ಬೆಳೆಸಬಹುದೆಂದು ಹೊರಟವರು ಇಲ್ಲಿಯೇ ಮೋಸಹೋಗುತ್ತಾರೆ. ಒಂದೇ ಜಾತಿಯವಾದರೂ ಪ್ರಭೇದ ಬದಲಾದರೆ ಸ್ವಭಾವವೂ ಬದಲಾಗುತ್ತದೆ.

ಪರಿಹಾರ: ತಾಯಿ ಮರದಿಂದ ಕಸಿ

ಚೀಲದಲ್ಲಿರುವ ಎಳೆಯ ಸಸಿಗೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಆದುದರಿಂದ ಸಸಿಯ ಗುರುತು ತಾಯಿ ಮರದಲ್ಲಿದೆ. ಫಲ ಕೊಡುತ್ತಿರುವ, ಒಳ್ಳೆಯ ಹಣ್ಣಿನ ಹೆಣ್ಣು ಮರವನ್ನು ಎರಡು ಮೂರು ವರ್ಷ ಗಮನಿಸಿ ಆರಿಸಬೇಕು. ಅದರ ಕುಡಿಯನ್ನು ಬೀಜದ ಸಸಿಯ ಮೇಲೆ ಮೃದುಕಾಂಡ ಕಸಿ ವಿಧಾನದಿಂದ ಕೂಡಿಸಬೇಕು. ಹೀಗೆ ಮಾಡಿದರೆ ಗಿಡ ಹೆಣ್ಣೇ ಎಂಬ ಖಾತ್ರಿ ಇರುತ್ತದೆ. ಬೀಜದ ಸಸಿಗಿಂತ ಹಲವು ವರ್ಷ ಮೊದಲೇ ಫಲವೂ ಸಿಗುತ್ತದೆ.

ಕುಡಿ ಆರಿಸುವಾಗ ಒಂದು ಎಚ್ಚರಿಕೆ ಬೇಕು. ಈ ಮರಗಳಲ್ಲಿ ನೇರವಾಗಿ ಮೇಲಕ್ಕೆ ಬೆಳೆಯುವ ಚಿಗುರು ಬೇರೆ, ಅಡ್ಡಲಾಗಿ ಹರಡುವ ಕೊಂಬೆಯ ಚಿಗುರು ಬೇರೆ. ಅಡ್ಡ ಕೊಂಬೆಯ ಕುಡಿ ಹಾಕಿದರೆ ಕಸಿ ಗಿಡವೂ ಪೊದೆಯಂತೆ ನೆಲಕ್ಕೆ ಹರಡುತ್ತದೆ. ಗೋಪುರದಂತೆ ಎತ್ತರದ ಮರ ಬೇಕಾದರೆ ನೇರ ಚಿಗುರಿನ ಕುಡಿಯನ್ನೇ ತೆಗೆಯಬೇಕು.

ತೋಟದಲ್ಲಿರುವ ಗಂಡು ಮರಗಳನ್ನೆಲ್ಲ ಕಡಿದುಹಾಕುವುದೂ ತಪ್ಪು. ಪರಾಗಕ್ಕಾಗಿ ಕೆಲವನ್ನು ಅಲ್ಲಲ್ಲಿ ಉಳಿಸಬೇಕು.

ಬೀಜದಿಂದಲೇ ಸಸಿ ಮಾಡುವವರು ಒಂದೊಂದು ತಾಯಿ ಮರದ ಬೀಜವನ್ನು ಬೇರೆ ಬೇರೆಯಾಗಿ ಇಟ್ಟು, ಮಡಿಗೆ ಹೆಸರಿನ ಚೀಟಿ ಕಟ್ಟಬೇಕು. ಮುರುಗಲಿನ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಉಪ್ಪಾಗೆಯ ಬೀಜ ಮೊಳೆಯಲು ಹಲವು ತಿಂಗಳು ಹಿಡಿಯುವುದರಿಂದ ಬೇಸರಪಟ್ಟು ಮಡಿ ಅಗೆಯಬಾರದು.

ಕೊಯ್ಲು ಮತ್ತು ಮಾರಾಟ

ಎರಡು ಪ್ರಭೇದಗಳು ಮಾಗುವ ಕಾಲ ಬೇರೆಯಾದುದರಿಂದ ಒಣಗಿಸುವ ರೀತಿಯೂ ಬೇರೆ. ಮುರುಗಲಿನ ಸಿಪ್ಪೆಯನ್ನು ಮಳೆಗೆ ಮೊದಲು ಬಿಸಿಲಿನಲ್ಲಿ ಒಣಗಿಸಬಹುದು. ಉಪ್ಪಾಗೆ ಮಳೆಯಲ್ಲಿ ಬರುವುದರಿಂದ ಬೆಂಕಿಯ ಶಾಖಕ್ಕೆ, ಹೊಗೆಗೆ ಒಣಗಿಸಬೇಕಾಗುತ್ತದೆ. ಇದಕ್ಕೆ ಸೌದೆ ಬಹಳ ಬೇಕು. ಯಾವ ಮರ ನೆಡುತ್ತೀರೋ ಅದರ ಕೊಯ್ಲಿನ ಕೆಲಸ ಯಾವ ತಿಂಗಳಿಗೆ ಬೀಳುತ್ತದೆ, ಆಗ ಆಳು, ಸೌದೆ, ಜಾಗ ಇವೆಯೇ ಎಂದು ನೆಡುವ ಮುನ್ನವೇ ಲೆಕ್ಕ ಹಾಕಬೇಕು.

ಒಣ ಸಿಪ್ಪೆಯಲ್ಲಿ ಸಂಶಯ ಬಂದರೆ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ನೋಡಿ. ಕೆಂಪು ಮುರುಗಲಿನ ಸಿಪ್ಪೆ ನೀರಿಗೆ ಚೆನ್ನಾದ ಕೆಂಪು ಬಣ್ಣ ಬಿಡುತ್ತದೆ; ಪಾನಕದ ಮತ್ತು ಸಾರಿನ ಬಣ್ಣ ಇದೇ. ಉಪ್ಪಾಗೆಯ ಸಿಪ್ಪೆ ಆ ಕೆಂಪನ್ನು ಬಿಡದು. ಪಾನಕ ತಯಾರಕರಿಗೆ ಬೇಕಾದದ್ದು ಮೊದಲನೆಯದು. ಮೀನಿನ ಅಡುಗೆಗೆ ಕೇರಳದವರು ಕೇಳುವುದು ಎರಡನೆಯದು. ಬೆರಕೆ ಮಾಡಿ ಮಾರಿದರೆ ಎರಡು ಪೇಟೆಗಳಲ್ಲಿಯೂ ಬೆಲೆ ಸಿಗದು.

ಉಪ್ಪಾಗೆಯ ಸಿಪ್ಪೆಯಲ್ಲಿರುವ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಇದು ಮೈತೂಕ ಇಳಿಸುವುದೆಂಬ ಪ್ರಚಾರದಿಂದ ಹೊರದೇಶಗಳಲ್ಲಿ ಬೇಡಿಕೆ ಎದ್ದು, ನಮ್ಮ ಕಾಡುಗಳಲ್ಲಿ ಮಾಗದ ಕಾಯಿಯನ್ನೂ ಕೊಂಬೆ ಸಹಿತ ಕಡಿದು ತಂದವರಿದ್ದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ ಅಂತಹ ವಿಶೇಷ ಪರಿಣಾಮ ಕಂಡುಬಂದಿರಲಿಲ್ಲ. ಪ್ರಚಾರದ ಬೆಲೆಯನ್ನು ನಂಬಿ ತೋಟ ಹಾಕುವುದಕ್ಕಿಂತ ಅಡುಗೆಮನೆಯ ಸ್ಥಿರ ಬೇಡಿಕೆಯನ್ನು ನಂಬುವುದು ಲೇಸು.

ಸಂಶಯವಿದ್ದರೆ ಮಾದರಿ ಕಳುಹಿಸಿ

ಮರದ ಗುರುತು ಸಿಗದಿದ್ದರೆ ಒಂದೇ ಎಲೆ ಕಿತ್ತು ತಂದರೆ ತಜ್ಞರಿಗೂ ಹೇಳಲಾಗದು. ಒಂದು ಗೇಣು ಉದ್ದದ, ಎಲೆ ಮತ್ತು ಹೂಗಳಿರುವ ರೆಂಬೆಯನ್ನು ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಟ್ಟು ಒಣಗಿಸಿ. ಎಲೆ ಕೊಳೆಯದಂತೆ ಹಾಳೆಗಳನ್ನು ದಿನವೂ ಬದಲಾಯಿಸಿ. ಒಂದೆರಡು ಹಣ್ಣುಗಳನ್ನು ಪ್ರತ್ಯೇಕವಾಗಿ ಇಡಿ. ಕಿತ್ತ ದಿನ, ಊರು, ಮರದ ಎತ್ತರ, ಅಂಟಿನ ಬಣ್ಣ, ಹಣ್ಣು ಮಾಗುವ ತಿಂಗಳು, ನಿಮ್ಮ ಊರಿನಲ್ಲಿ ಕರೆಯುವ ಹೆಸರು ಇಷ್ಟನ್ನು ಚೀಟಿಯಲ್ಲಿ ಬರೆಯಿರಿ. ಒಣಗಿದ ಮೇಲೆ ಅಂಟಿನ ಮತ್ತು ಹೂವಿನ ಬಣ್ಣ ತಿಳಿಯುವುದಿಲ್ಲವಾದುದರಿಂದ ಆ ಚೀಟಿಗೆ ಬಹಳ ಬೆಲೆಯಿದೆ. ಇದನ್ನು ಹತ್ತಿರದ ಕೃಷಿ, ತೋಟಗಾರಿಕೆ ಅಥವಾ ಅರಣ್ಯ ಕಾಲೇಜಿಗೆ ಇಲ್ಲವೆ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲಪಿಸಬಹುದು.

ಸಿದ್ದಾಪುರದ ಆ ಬೆಳೆಗಾರರು ಮರಗಳನ್ನು ಕಡಿಯಲಿಲ್ಲ. ಮೊದಲು ಒಂದೊಂದು ಮರಕ್ಕೂ ಸಂಖ್ಯೆ ಬರೆದ ತಗಡಿನ ಬಿಲ್ಲೆ ಕಟ್ಟಿ, ಪ್ರಭೇದ ಮತ್ತು ಗಂಡು-ಹೆಣ್ಣನ್ನು ಪುಸ್ತಕದಲ್ಲಿ ಬರೆದಿಟ್ಟರು. ಈಗ ತಮ್ಮದೇ ಎರಡು ಒಳ್ಳೆಯ ಹೆಣ್ಣು ಮುರುಗಲು ಮರಗಳಿಂದ ಕುಡಿ ತೆಗೆದು ಕಸಿ ಮಾಡಿಸುತ್ತಿದ್ದಾರೆ. ಹೋದ ಹತ್ತು ವರ್ಷ ಮರಳಿ ಬಾರದು. ಆದರೆ ಅವರ ಮಗ ನೆಡುವ ಗಿಡ ಯಾವುದೆಂಬುದು ಮಾತ್ರ ನೆಡುವ ದಿನವೇ ಗೊತ್ತಿರುತ್ತದೆ. ರೈತ ಬಾಂಧವರು ಮುಂದಿನ ಮಳೆಗಾಲಕ್ಕೆ ಗುಂಡಿ ತೋಡುವ ಮೊದಲು ತಾಯಿ ಮರವನ್ನು ಒಮ್ಮೆ ನೋಡಿ ಬರಲಿ.